ಪಕ್ಕದ ಮಂಚದ ಸಾಕ್ಷಿ

ಗಜೇಂದ್ರಗಡದ ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದು ನನ್ನದು, ಇನ್ನೊಂದು ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಅತ್ತೆ ಏನು ತಂದರೂ ಜೋಡಿ ತರುವವರು. ಸೀರೆ ಜೋಡಿ, ಬಳೆ ಜೋಡಿ; ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಡಿಮೆ ಅನ್ನುವ ಮಾತು ಹುಟ್ಟಬಾರದು. ಎರಡು ಸಾವಿರದ ಇಸವಿ ದಾಟಿದ ಹೊಸತು. ಇಬ್ಬರಿಗೂ ಮಕ್ಕಳು ಸಾಕು ಅನ್ನಿಸಿದಾಗ, ಮಕ್ಕಳಾಗದ ಆಪರೇಷನ್ನನ್ನೂ ಅವರು ಜೋಡಿಯಾಗಿಯೇ ಮಾಡಿಸಿದರು. "ಇಬ್ಬರ ಆರೈಕಿನೂ ಒಮ್ಮೆಲೆ ಮುಗೀತದ," ಅಂದರು. ಒಂದೇ ದಿನ, ಒಂದೇ ಖಾಸಗಿ ದವಾಖಾನೆ, ಒಬ್ಬರೇ ಡಾಕ್ಟರು, ಅಕ್ಕಪಕ್ಕದ ಮಂಚ.

ಮರುದಿನ ನೆಗೆಣ್ಣಿ ಎದ್ದು ಓಡಾಡಿದಳು. ನನಗೆ ಜ್ವರ, ಹೊಟ್ಟೆ ಉಬ್ಬಿ ಬಿಗಿದಿತ್ತು. ನೋವು ಅಂದರೆ ಡಾಕ್ಟರು ಹೊದಿಕೆ ಸರಿಸಿ ನೋಡಲೂ ಇಲ್ಲ. ಪಕ್ಕದ ಮಂಚ ತೋರಿಸಿ, "ನಿಮ್ಮ ತಂಗೀನ ನೋಡ್ರಿ, ಹ್ಯಾಂಗ ತಿರಗ್ಯಾಡಾಕತ್ತಾರ. ನೀವು ಭಾಳ ನಾಜೂಕ ಬಿಡ್ರಿ," ಅಂದು ಹೊರಟರು. ಹಾಗೇ ಮನೆಗೂ ಕಳಿಸಿದರು. ಕೊನೆಗೆ ಹುಬ್ಬಳ್ಳಿಗೆ ಒಯ್ದಾಗ, ಕರುಳಿಗೆ ಗಾಯವಾಗಿ ಒಳಗೆಲ್ಲ ಕೀವು ತುಂಬಿದೆ ಅಂದರು. ಹೊಟ್ಟೆ ಉದ್ದಕ್ಕೆ ಕೊಯ್ದು ತೊಳೆದರು. ಜೀವ ಉಳಿಯಿತು. ಆದರೆ ಹೊಲಿಗೆಯ ಜಾಗ ಸಡಿಲವಾಗಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ತುಳಿಯುವುದು ನನ್ನಿಂದ ಆಗಲೇ ಇಲ್ಲ.

ಪಡಸಾಲೆಯಲ್ಲಿ ಮಲಗಿ ಆಕೆಯ ಮಗ್ಗದ ಸದ್ದು ಕೇಳುತ್ತಿದ್ದೆ. ನಾನು ಅರ್ಧ ನೇಯ್ದಿಟ್ಟ ಸೀರೆಯನ್ನೂ ಅವಳೇ ಮುಗಿಸಿದಳು. ನೇಯುವ ಕೈ ಬದಲಾದರೆ ಸೀರೆಯ ಮೇಲೆ ಅಡ್ಡ ಗೆರೆ ಬೀಳುತ್ತದೆ. ವ್ಯಾಪಾರಿ ಅದನ್ನು ವಾಪಸು ಕಳಿಸಿದ. ಗೆರೆಯ ಆಚೆಯ ಅವಳ ನೇಯ್ಗೆಯನ್ನು ಬೆರಳಿನಿಂದ ಸವರಿ ನೋಡಿದೆ. ಹಾಳಾದ್ದು, ನನ್ನದಕ್ಕಿಂತ ಒಪ್ಪವಾಗಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಆಕೆ ನಕ್ಕರೆ ಉರಿಯುತ್ತಿತ್ತು. ಕೈ ಊರದೆ ನೆಲದಿಂದ ಎದ್ದು ನಿಂತರೆ ಇನ್ನೂ ಉರಿಯುತ್ತಿತ್ತು.

ಗಂಡ ನನ್ನನ್ನು ರೋಣದ ವಕೀಲರ ಹತ್ತಿರ ಕರೆದೊಯ್ದ. ಅವರು ಹುಬ್ಬಳ್ಳಿಯ ಕಾಗದಗಳನ್ನು ನೋಡಿ, "ಕೇಸ್ ಹಾಕಬಹುದ್ರಿ. ಆದ್ರ ನೀವು ನೋವಂತ ಹೇಳಿದ್ದು, ಡಾಕ್ಟರು ನೋಡದ ಹೋಗಿದ್ದು, ಯಾರರ ಕಣ್ಣಾರೆ ಕಂಡಾರೇನು?" ಅಂದರು.

"ಯಾರೂ ಇಲ್ರಿ," ಅಂದೆ.

ಗಂಡ ನನ್ನ ಮುಖ ನೋಡಿದ. ಬಸ್‌ಸ್ಟ್ಯಾಂಡಿನಲ್ಲಿ, "ಪಕ್ಕದ ಮಂಚದಾಗ ಆಕಿ ಇದ್ಲಲ್ಲ?" ಅಂದ.

"ಆಕಿ ಮುಂದ ನಾ ಕೈ ಒಡ್ಡೂದಿಲ್ಲ. ಕೇಸೂ ಬ್ಯಾಡ, ಏನೂ ಬ್ಯಾಡ."

ಅವನು ಮನೆಯಲ್ಲಿ ಬಾಯಿಬಿಟ್ಟಿರಬೇಕು. ಮರುದಿನ ಮಧ್ಯಾಹ್ನ ಆಕೆ ಮಗ್ಗ ಬಿಟ್ಟು ಬಂದು ನನ್ನ ಹಾಸಿಗೆಯ ಹತ್ತಿರ ಕೂತಳು.

"ಅಕ್ಕಾರ, ನಾ ಬಂದು ಹೇಳತೀನ್ರಿ."

"ಏನಂತ ಹೇಳತಿ?"

"ಇದ್ದದ್ದ ಹೇಳತೀನಿ. ನನಗೂ ಅವತ್ತ ನೋವಿತ್ರಿ. ಹಲ್ಲ ಕಚ್ಚಿ ತಿರಗ್ಯಾಡಿದೆ. ಮನ್ಯಾಗ ಎಲ್ಲಾರೂ ನಿಮ್ಮ ಸೀರಿನ ಹೊಗಳತಿದ್ರು. ಅವತ್ತೊಂದಿನ ಡಾಕ್ಟರು ನನ್ನ ಹೊಗಳಿದ್ರು, ಹಿಗ್ಗಾತು. ನೀವು ನರಳಾಕತ್ರೂ ಸುಮ್ಮನಿದ್ದೆ."

ನಾನೊಬ್ಬಳೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದೆ. ಸಿಟ್ಟು ನೆತ್ತಿಗೇರಿತು. ಅದಕ್ಕೂ ಹೆಚ್ಚಾಗಿ, ಇಂಥ ಮಾತನ್ನು ತಲೆ ಎತ್ತಿ ಹೇಳಿದಳಲ್ಲ, ಆ ಧೈರ್ಯವೂ ಇವಳ ಪಾಲಿಗೇ ಬಂತಲ್ಲ ಅಂತ ಮತ್ತೆ ಹೊಟ್ಟೆಕಿಚ್ಚಾಯಿತು.

"ವಕೀಲರ ಮುಂದೂ ಹಿಂಗ ಹೇಳತಿಯೇನ?"

"ಹೇಳತೀನ್ರಿ."

"ಹಂಗಾರ ನಾಳೆ ಹೋಗೂಣು."

ವಕೀಲರ ಕಚೇರಿ ಮಹಡಿಯ ಮೇಲಿತ್ತು. ಆಕೆ ಸರಸರ ಹತ್ತಿ ಹೋಗಿ ಮೇಲೆ ಕಾದಳು. ನಾನು ಹೊಟ್ಟೆ ಹಿಡಿದುಕೊಂಡು, ಗೋಡೆ ಆತುಕೊಂಡು ಹತ್ತಿದೆ. ಅಲ್ಲಿ ಆಕೆ ಎಲ್ಲವನ್ನೂ ಹೇಳಿದಳು, ತನ್ನ ಹಿಗ್ಗನ್ನೂ ಬಿಡದೆ. ವಕೀಲರು ಬರೆದುಕೊಳ್ಳುತ್ತ, ಆಕೆಯತ್ತ ಪೆನ್ನು ತೋರಿಸಿ, "ಇಬ್ಬರಿಗೂ ಅವತ್ತ ಆಪರೇಷನ್ ಆಗಿತ್ತಂದ್ರಿ. ಇವರಿಗೆ ಆಮ್ಯಾಲೇನೂ ತ್ರಾಸ ಆಗಲಿಲ್ಲೇನು?" ಅಂದರು.

ಆಕೆ ನನ್ನ ಕಡೆ ತಿರುಗಿದಳು. ಉತ್ತರ ನಾನೇ ಕೊಡಬೇಕಾಯಿತು.

"ಏನೂ ಆಗಿಲ್ರಿ. ಆಕಿ ಚಲೋ ಅದಾಳ. ಬರಕೋರಿ," ಅಂದೆ. ಆ ಕೇಸಿನಲ್ಲಿ ನಾನು ಹೇಳಿದ ಅತಿ ಕಷ್ಟದ ಮಾತು ಅದೇ.