ಹೂ ತರ್ತೇನಿ

ನಮ್ಮಪ್ಪ ಕುಡಿಯಲು ಹೋಗುತ್ತೇನೆ ಎಂದು ಒಂದು ದಿನವೂ ಹೇಳಿದವನಲ್ಲ. ‘ಹೂ ತರ್ತೇನಿ’ ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡುತ್ತಿದ್ದ. ಹಿರೋಳ್ಳಿ ಕಡೆಯ ಊರು ನಮ್ಮದು. ಹೊಲದ ಬದುವಿನ ಮೇಲೆ ಅರ್ಧ ತಾಸು ನಡೆದರೆ ಮಹಾರಾಷ್ಟ್ರ. ಅಲ್ಲಿ ಹಳ್ಳದ ದಂಡೆಯಲ್ಲಿ ಸಾರಾಯಿ ಕಾಯಿಸುವ ಭಟ್ಟಿಯೊಂದಿತ್ತು. ನನಗಾಗ ಆರೋ ಏಳೋ ವರ್ಷ. ಅಪ್ಪ ಅವ್ವನಿಗೆ ಹೂ ತರುತ್ತಾನೆ, ನನಗೂ ಒಂದು ತುಂಡು ಸಿಗುತ್ತದೆ ಎಂದು ನಂಬಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು ಬಾಗಿಲಲ್ಲಿ ಕೂಡುತ್ತಿದ್ದೆ. ಅಪ್ಪ ಬರಿಗೈಯಲ್ಲಿ ಬರುತ್ತಿದ್ದ.

ಅವ್ವ ಹೊಸ್ತಿಲಿಗೆ ಅಡ್ಡ ನಿಂತು, ‘ಎಲ್ಲಿ ಅವ ಹೂ? ಹಾ ಅನ್ರಿ’ ಎನ್ನುತ್ತಿದ್ದಳು. ಅಪ್ಪ ಬಾಯಿ ತೆರೆದು ‘ಹಾ’ ಎನ್ನುತ್ತಿದ್ದ. ಆಮೇಲೆ ಬೈಗುಳ, ಒಮ್ಮೊಮ್ಮೆ ಅವ್ವನಿಗೆ ಹೊಡೆತ. ಒಂದು ದಿನ ಅವ್ವ ಏನೂ ಕೇಳದೆ ಸರಿದು ದಾರಿ ಬಿಟ್ಟಳು. ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮುಂದಿನ ಮಳೆಗಾಲಕ್ಕೆ ಅಪ್ಪನ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು, ಹೋಗಿಬಿಟ್ಟ. ನಮ್ಮ ಮನೆಗೆ ಬುಟ್ಟಿ ತುಂಬ ಹೂ ಬಂದದ್ದು ಆವತ್ತೊಂದೇ ದಿನ.

ಈಗ ನಾನು ಜೇವರ್ಗಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ. ನನ್ನ ಬೆನ್ನಿಗೆ ಹುಟ್ಟಿದ ಒಬ್ಬನೇ ತಮ್ಮನ ರಕ್ತವನ್ನು ನಾನೇ ತೆಗೆದು ನಾನೇ ಮಷಿನ್ನಿಗೆ ಹಾಕಿದೆ. ಅಪ್ಪ ಹಿಡಿದ ದಾರಿಯಲ್ಲಿ ಅವನು ಅಪ್ಪನಿಗಿಂತ ಬೇಗ ನಡೆದಿದ್ದ. ವರದಿ ನೋಡಿದ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ‘ಇನ್ನ ಕುಡದ್ರ ಉಳಿಯೂದಿಲ್ಲ ನೋಡ್ರಿ’ ಎಂದರು. ಅಂದಿನಿಂದ ಅವನನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಸಂಜೆ ಬಂದ ಕೂಡಲೇ ಹೊಸ್ತಿಲ ಮೇಲೆ ನಿಲ್ಲಿಸಿ, ‘ಹಾ ಅನ್ಲೇ’ ಎನ್ನುತ್ತಿದ್ದೆ. ನನ್ನ ಮೂಗಿನ ಬಗ್ಗೆ ನನಗೆ ಬಹಳ ಸೊಕ್ಕು. ಏಲಕ್ಕಿ, ಗುಟ್ಕಾ, ಉಳ್ಳಾಗಡ್ಡಿ, ಏನು ತಿಂದು ಮುಚ್ಚಿದರೂ ಹಿಡಿದುಬಿಡುತ್ತೇನೆ. ಹನ್ನೊಂದು ತಿಂಗಳು ದಿನಾ ‘ಹಾ’ ಎಂದ. ಹನ್ನೊಂದು ತಿಂಗಳೂ ಬಾಯಿ ಸ್ವಚ್ಛವಿತ್ತು.

ಅಂಥವನಿಗೆ ಕೆಲಸ ಸಿಕ್ಕಿದ್ದಾದರೂ ಎಲ್ಲಿ? ಬಿಯರ್ ಮಾಡುವಲ್ಲಿ! ಹೆದ್ದಾರಿ ಪಕ್ಕ ಹೊಸದಾಗಿ ಬ್ರೂವರಿ ಶುರುವಾಗಿತ್ತು. ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಕುಡಿಸುವ ಜಾಗ. ತಮ್ಮ ಅಲ್ಲಿ ಸ್ಟೀಲಿನ ಟಾಕಿ ತೊಳೆಯುತ್ತಿದ್ದ. ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವನೇ, ‘ತೊಳ್ಯಾಕತ್ತೇನಿ ಅಕ್ಕಾ, ಕುಡ್ಯಾಕತ್ತಿಲ್ಲ. ಬ್ಯಾರೆ ಯಾರು ಕೆಲಸ ಕೊಡ್ತಾರ ನನಗ?’ ಎಂದ. ಆವತ್ತು ಅವನಿಗೆ ಬುತ್ತಿ ಕಟ್ಟಿ ಕೊಟ್ಟೆ.

ಒಂದು ಶನಿವಾರ ಬಂದು, ‘ಸಾಹೇಬ್ರು ಮೋಹದ ಹೂವಿನ ಬಿಯರ್ ಮಾಡ್ಯಾರ. ನೀ ಆ ಕಡಿ ಊರಾಂವ, ರುಚಿ ನೋಡಿ ಹೇಳು ಅಂತ ನನಗ ಕೇಳಾಕತ್ತಾರ. ನಾ ಹ್ಯಾಂಗ ನೋಡ್ಲಿ? ನನ್ನ ಬದ್ಲಿ ನೀ ಬಾ’ ಎಂದ. ಕನ್ನಡದಲ್ಲಿ ಇಪ್ಪೆ ಎನ್ನುವ ಹೂವಿಗೆ ಮರಾಠಿಯಲ್ಲಿ ಮೋಹ ಎನ್ನುತ್ತಾರೆ. ಗಡಿಯ ನಮ್ಮ ಊರಿನವರೂ ಹಾಗೇ ಕರೆಯುತ್ತಾರೆ. ನಾನು ಜನ್ಮದಲ್ಲಿ ಕುಡಿದವಳಲ್ಲ. ಆದರೂ ಒಪ್ಪಿದೆ. ಅವನು ಕುಡಿಯುವುದಕ್ಕಿಂತ ನಾನು ಒಂದು ಗುಟುಕು ಕುಡಿಯುವುದು ಮೇಲು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ, ಗಿರಾಕಿಗಳು ಬರುವ ಮೊದಲು, ಹೋದೆ. ಒಳಗೆಲ್ಲ ನೆನೆದ ಕಾಳಿನ ವಾಸನೆ. ತಮ್ಮ ಸಣ್ಣ ಗಾಜಿನ ಗ್ಲಾಸಿನಲ್ಲಿ ತಂದಿಟ್ಟ. ಬೆಲ್ಲದ ಪಾನಕದ ಬಣ್ಣ, ಮೇಲೆ ತೆಳ್ಳಗೆ ನೊರೆ. ಮೂಗಿನ ಹತ್ತಿರ ಹಿಡಿದೆ. ಅದು ಅಪ್ಪನ ಅಂಗಿಯ ವಾಸನೆ. ಅವ್ವ ಎಷ್ಟು ಒಗೆದರೂ ಹೋಗದಿದ್ದ ಆ ಸಿಹಿ ಕಮಟು.

ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ‘ಗೊತ್ತಾತಲ್ಲ? ಆ ಭಟ್ಟ್ಯಾಗ ಇದೇ ಹೂ ಹಾಕ್ತಿದ್ರು, ನಾ ಕಂಡೇನಿ. ಅಪ್ಪ ಸುಳ್ಳು ಹೇಳ್ತಿದ್ದಿಲ್ಲಕ್ಕಾ. ಹೂವೇ ತರ್ತಿದ್ದ, ಹೊಟ್ಟ್ಯಾಗ.’

ನನಗೆ ಮೈಯೆಲ್ಲ ಉರಿಯಿತು. ಹೊಡೆತ ತಿಂದವಳು ಅವ್ವ, ಜಡೆ ಹಾಕಿಕೊಂಡು ಕಾದವಳು ನಾನು, ಈಗ ಅಪ್ಪ ಸತ್ಯವಂತನೇ! ಆ ಸಿಟ್ಟಿನಲ್ಲೇ ಗ್ಲಾಸು ಬಾಯಿಗಿಟ್ಟೆ. ಕಹಿ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಮೊದಲು ತಂಪು, ಆಮೇಲೆ ಒಣದ್ರಾಕ್ಷಿಯ ಸಿಹಿ, ಗಂಟಲು ಇಳಿದ ಮೇಲೆ ಎದೆಯಲ್ಲಿ ಒಂದು ಸಣ್ಣ ಬಿಸಿ. ಇಷ್ಟು ವರ್ಷ ಹಲ್ಲು ಕಚ್ಚಿ ದ್ವೇಷಿಸಿದ್ದು ಇಷ್ಟು ರುಚಿಯಾಗಿತ್ತೇ ಎಂದು ಅಳು ಬಂತು. ಅಪ್ಪ ಯಾಕೆ ಅರ್ಧ ತಾಸು ನಡೆದು ಹೋಗುತ್ತಿದ್ದ ಎಂಬುದು ನನ್ನ ನಾಲಿಗೆಗೆ ತಿಳಿದುಹೋಯಿತು. ಅದು ತಿಳಿಯಬಾರದಿತ್ತು.

‘ಹ್ಯಾಂಗದ ಅಕ್ಕಾ?’

‘ಚಲೋ ಇಲ್ಲ. ಭಾಂಡಿ ತೊಳದ ನೀರು ಇದ್ದಂಗದ.’

ತಮ್ಮ ಗ್ಲಾಸು ಎತ್ತಿ ಬೆಳಕಿಗೆ ಹಿಡಿದ. ‘ಹಂಗಾದ್ರ ಎಲ್ಲಾ ಯಾಕ ಕುಡ್ದಿ?’

ಗ್ಲಾಸಿನ ತಳದಲ್ಲಿ ನೊರೆ ಬಿಟ್ಟರೆ ಏನೂ ಇರಲಿಲ್ಲ. ಕುಡಿದು ಮುಗಿಸಿದ್ದು ನನಗೇ ಗೊತ್ತಾಗಿರಲಿಲ್ಲ. ಅವನು ನಗಲಿಲ್ಲ. ಖಾಲಿ ಗ್ಲಾಸು ಹಿಡಿದುಕೊಂಡೇ ಎದ್ದು, ‘ಕುಂದ್ರು, ನಿನಗ ತೋರ್ಸಾಕ ಹೂ ತರ್ತೇನಿ’ ಎಂದು ಟಾಕಿಗಳ ಹಿಂದಿನ ಕೋಣೆಗೆ ಹೋದ.

ಆ ಮಾತು ಕಿವಿಗೆ ಬಿದ್ದದ್ದೇ ನಾನು ಸೆಟೆದು ಕುಳಿತೆ. ಕೂಗಿ ಕರೆಯಬೇಕಿತ್ತು, ಹಿಂದೆ ಓಡಬೇಕಿತ್ತು. ಯಾವ ಮುಖ ಇಟ್ಟುಕೊಂಡು ಓಡಲಿ? ಬಾಗಿಲು ನೋಡುತ್ತ ಕುಳಿತೆ. ಒಂದು ಹಿಡಿ ಹೂ ತರಲು ಅಷ್ಟು ಹೊತ್ತು ಬೇಕಿರಲಿಲ್ಲ.

ಕಡೆಗೆ ಬಂದ. ಬೊಗಸೆ ತುಂಬ ಒಣಗಿದ ಮೋಹದ ಹೂ. ನನ್ನ ಮುಂದೆ ಬಗ್ಗಿ, ನಾನು ಕೇಳುವ ಮೊದಲೇ, ದಿನದ ರೂಢಿಯಂತೆ ಬಾಯಿ ತೆರೆದು ‘ಹಾ’ ಎಂದ. ವಾಸನೆ ಇತ್ತು. ಅವನ ಬಾಯಿಯದೋ, ಬೊಗಸೆಯ ಹೂವಿನದೋ, ನನ್ನದೇ ಬಾಯಿಯದೋ, ನನ್ನ ಮೂಗಿಗೆ ತಿಳಿಯಲಿಲ್ಲ.

‘ವಾಸನಿ ಅದ ಏನಕ್ಕಾ?’ ಎಂದ.

‘ಇಲ್ಲ’ ಎಂದೆ.

ಆಮೇಲೆ ಅವನು ಸಂಜೆ ಹೊಸ್ತಿಲ ಮೇಲೆ ನಿಲ್ಲುವುದನ್ನು ಬಿಟ್ಟ. ನಾನೂ ಅವ್ವನ ಹಾಗೆ ಸರಿದು ದಾರಿ ಬಿಡುತ್ತೇನೆ.