ಟಕರ್ ಹೊಳೆಯ ಸಿಂಪಿ ಲೆಕ್ಕ

ಅಮೆರಿಕದ ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆಯಲ್ಲಿ ಹೊಸ ಬಡಾವಣೆಗಳಿಗೆ ಇಡುವ ಹೆಸರು ಕೇಳಿದರೆ ಮೈ ಉರಿಯುತ್ತದೆ. ಬಾತುಗಳನ್ನು ಓಡಿಸಿದ ಜಾಗಕ್ಕೆ 'ಬಾತುಗಳ ತಂಗುದಾಣ', ಓಕ್ ಮರಗಳನ್ನು ನೆಲಸಮ ಮಾಡಿದ ಜಾಗಕ್ಕೆ 'ಓಕ್ ನೆರಳು'. ವರ್ನಾ ವಿಂಗೇಟ್ ಇಂಥ ಹೆಸರುಗಳನ್ನು ಕಂಪ್ಯೂಟರಿಗೆ ತುಂಬುತ್ತಲೇ ತಲೆ ನರೆಸಿಕೊಂಡವಳು. ಕೌಂಟಿ, ಅಂದರೆ ಅಲ್ಲಿಯ ಜಿಲ್ಲೆ, ಅದರ ಕಚೇರಿಯಲ್ಲಿ ಅವಳದು ಮಳೆನೀರಿನ ಲೆಕ್ಕ. ಒಂದು ಮಳೆ ಹೊಡೆದರೆ ಸೂರಿನಿಂದ, ಡಾಂಬರಿನಿಂದ, ಹುಲ್ಲುಹಾಸಿನಿಂದ ಎಷ್ಟು ನೀರು ಹರಿದು ಹೊಳೆ ಸೇರುತ್ತದೆ, ಹೋಗುತ್ತಾ ಎಷ್ಟು ಗೊಬ್ಬರ, ಎಷ್ಟು ನಾಯಿ ಹೇಲು, ಎಷ್ಟು ಹೂಳು ಹೊತ್ತೊಯ್ಯುತ್ತದೆ ಎಂದು ಮನೆ ಕಟ್ಟುವ ಮೊದಲೇ ಹೇಳಬೇಕು. ಗೊಬ್ಬರದ ಸಾರಜನಕ ಹೊಳೆ ಸೇರಿದರೆ ಪಾಚಿ ಹಬ್ಬುತ್ತದೆ, ಪಾಚಿ ಕೊಳೆತರೆ ನೀರಿನಲ್ಲಿ ಉಸಿರೇ ಇರುವುದಿಲ್ಲ, ಏಡಿಗಳು ದಡ ಹತ್ತಿ ಸಾಯುತ್ತವೆ. ಅದಕ್ಕೊಂದು ಮಿತಿ ಇದೆ. ಮಿತಿ ಮೀರಿದ ಬಡಾವಣೆಗೆ ಪರವಾನಗಿ ಸಿಗಕೂಡದು ಅನ್ನುವುದು ಕಾಯಿದೆ. ಸಿಗುವ ಹಾಗೆ ಮಾಡುವುದು ಕಚೇರಿಯ ಕಸುಬು.

ವರ್ನಾ ಏಡಿ ಹಿಡಿಯುವವನ ಮಗಳು. ಅವಳ ತಾಯಿ ಏಡಿಮಾಂಸ ಬಿಡಿಸುವ ಶೆಡ್ಡಿನಲ್ಲಿ ಕೂತೂ ಕೂತೂ ಬೆರಳು ಸೊಟ್ಟಗಾಗಿಸಿಕೊಂಡವಳು. ಅಪ್ಪ ದೋಣಿ ಹತ್ತುವ ಮೊದಲು ಕಂದು ನೀರನ್ನು ನೋಡಿ "ಯಾವ ಮನೆಹಾಳ ಬಿಡ್ತಾನೆ ಇದನ್ನ?" ಎಂದು ದಿನವೂ ಬೈಯುತ್ತಿದ್ದ. ಮಗಳು ಕಾಲೇಜಿಗೆ ಹೋಗಿ ಅದನ್ನೇ ಓದಿಕೊಂಡು ಬಂದಳು. ಮಳೆ ಬಂದರೆ ಊರಿನವರು ಕಿಟಕಿ ಮುಚ್ಚುವ ಹೊತ್ತಿಗೆ ಇವಳು ರಬ್ಬರ್ ಬೂಟು ಏರಿಸಿಕೊಂಡು ಮೋರಿಗಳನ್ನು ನೋಡಲು ಹೊರಡುವಳು. "ಮೋಡ ಕಂಡ್ರೆ ಇವ್ಳು ಮನೇಲಿ ನಿಲ್ಲಲ್ಲ, ನಾನ್ಯಾಕೆ ನಿಲ್ಲಲಿ" ಎಂದು ಗಂಡ ಡೇಲ್ ಒಂದು ಮಳೆಯ ದಿನ ದೋಣಿಯ ಮೋಟಾರನ್ನೂ ಬಿಚ್ಚಿಕೊಂಡು ಹೊರಟುಹೋದ. ಮೋಟಾರಿಗಾಗಿ ಅವಳು ಸ್ವಲ್ಪ ದಿನ ಬೇಜಾರು ಮಾಡಿಕೊಂಡಿದ್ದುಂಟು.

ಅವಳಿಗೆ ತನ್ನವನು ಅಂತ ಉಳಿದವನು ತಮ್ಮ ಎಲ್‌ವುಡ್. ಹೊಳೆಯ ತಳದಲ್ಲಿ ತಾವಾಗಿ ಬೆಳೆಯುತ್ತಿದ್ದ, ಜನ ಇಷ್ಟಪಟ್ಟು ತಿನ್ನುವ ಸಿಂಪಿಗಳು ಮುಗಿದ ಮೇಲೆ ಅವನು ಟಕರ್ ಹೊಳೆಯ ತಿರುವಿನಲ್ಲಿ ತಂತಿಪಂಜರ ಇಳಿಬಿಟ್ಟು ಸಿಂಪಿ ಸಾಕತೊಡಗಿದ. ಬೀಜದಂಥ ಮರಿ ತಟ್ಟೆಗೆ ಬರಲು ವರ್ಷಗಳೇ ಬೇಕು. ಅಷ್ಟರಲ್ಲಿ ಕೌಂಟಿಯ ಯೋಜನಾ ನಿರ್ದೇಶಕ ಪ್ರೆಸ್ಟನ್ ಹ್ಯಾಡವೇ ಒಂದು ಕರಾರು ತಂದ. ಸಿಂಪಿ ಹೊಳೆಯ ಕೊಳೆ ತಿಂದು ಬೆಳೆಯುತ್ತದೆ, ಹೊಳೆಯಲ್ಲಿರುವ ತನಕ ವರ್ಷವರ್ಷವೂ ಅಷ್ಟು ಸಾರಜನಕ ನೀರಿನಿಂದ ಕಮ್ಮಿಯಾಗುತ್ತದೆ, ಅಷ್ಟನ್ನು ಕೌಂಟಿಯ ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ ಎಂದ. ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಹಾಡುವವನು ತಂದ ಕಾಗದವನ್ನು ಅವನೆದುರೇ ಓದುವುದು ಆ ದಂಡೆಯ ಜನಕ್ಕೆ ಮರ್ಯಾದೆಗೇಡು. ಎಲ್‌ವುಡ್ ಓದದೆ ಸಹಿ ಹಾಕಿದ.

"ನನ್ ಸಿಂಪಿಗಳಿಗೆ ಸರ್ಕಾರಿ ಕೆಲ್ಸ ಸಿಕ್ತು ಕಣೆ ವರ್ನಿ," ಎಂದು ಅಕ್ಕನ ಮುಂದೆ ಬೀಗಿದ. "ಪಿಂಚಣಿ ಉಂಟಾ ಕೇಳು."

ವರ್ನಾಳೂ ನಕ್ಕಳು, ಹೊಳೆಯ ಕೊಳೆ ಲೆಕ್ಕ ಹಾಕುವ ತನ್ನ ಕಂಪ್ಯೂಟರ್ ಮಾಡೆಲ್ಲಿಗೆ ತಾನೇ ಆ ಅಂಕಿಯನ್ನು ಸೇರಿಸಿದಳು. ಒಂದು ಹೊಳೆಯ ಅಂಕಿ ನಿಜವಾಗಿ ಕಡಿಮೆಯಾಗುವುದನ್ನು ನೋಡುವ ಸುಖ ಅವಳಿಗೆ ಸಿಕ್ಕಿದ್ದೇ ಅಪರೂಪ.

ಮರುವರ್ಷ ಹೊಳೆ ಹುಟ್ಟುವ ಕಡೆ ಮೇಲಿದ್ದ ಸೋಯಾ ಹೊಲ ಬಿಲ್ಡರ್ ಪಾಲಾಯಿತು. ಬಡಾವಣೆಯ ಹೆಸರು 'ಸಿಂಪಿ ತೀರ'. ವರ್ನಾ ಸೂರು, ರಸ್ತೆ, ಹುಲ್ಲು ಎಲ್ಲ ತುಂಬಿ ಮಾಡೆಲ್ ಓಡಿಸಿದಳು. ಅಂಕಿ ಮಿತಿ ದಾಟಿ ಎಷ್ಟೋ ಮೇಲೆ ಹಾರಿತು. ಅದನ್ನು ತೆಗೆದುಕೊಂಡು ಹ್ಯಾಡವೇಯ ಕೋಣೆಗೆ ಹೋದಳು.

"ಇದರಲ್ಲಿ ಎಲ್‌ವುಡ್ ಸಿಂಪಿ ಅಂಕಿ ವಜಾ ಮಾಡಿ ಮಿಸ್ ವರ್ನಾ, ಸರಿಹೋಗುತ್ತೆ," ಎಂದ ಅವನು, ಕುರ್ಚಿಯಿಂದ ಮುಂದೆ ಕೂಡ ಬಾಗದೆ.

"ಆ ಸಿಂಪಿ ಹೊಳೆ ಚೊಕ್ಕ ಮಾಡೋಕೆ ಅಂತ ಬರೆಸಿದ್ರಿ. ಕೊಳೆ ಬಿಡೋಕೆ ಪರವಾನಗಿ ಅಂತ ಅಲ್ಲ."

"ಕರಾರು ಓದಿ. ಆ ಅಂಕಿ ಕೌಂಟಿದು, ಯಾರಿಗೆ ಬೇಕಾದ್ರೂ ಕೊಡಬಹುದು. ಸಿಂಪಿ ನೀರಲ್ಲಿರೋ ತನಕ ಅವನೂ ಹಿಂದೆ ತಗೊಳ್ಳೋ ಹಾಗಿಲ್ಲ."

"ಈ ಮನೆಗಳ ನೀರು ಬಂದ್ರೆ ಮೊದ್ಲು ಸಾಯೋದೇ ಆ ಸಿಂಪಿ. ಹೂಳು ಮುಚ್ಚುತ್ತೆ, ಸಿಹಿನೀರು ಜಾಸ್ತಿ ಆಗುತ್ತೆ. ಸತ್ತ ಸಿಂಪಿ ಏನನ್ನ ಚೊಕ್ಕ ಮಾಡುತ್ತೆ?"

"ಮಾಡೆಲ್ಲಲ್ಲಿ ಸಿಂಪಿ ಸಾಯೋಕೆ ಕಾಲಮ್ ಇಲ್ವಲ್ಲ," ಎಂದ ಹ್ಯಾಡವೇ. ಅವನು ತಮಾಷೆ ಮಾಡುತ್ತಿರಲಿಲ್ಲ. ಅದನ್ನೇ ವರ್ನಾಳಿಗೆ ತಾಳಲಾಗಲಿಲ್ಲ. ಬದುಕಿರುವುದನ್ನು ಸಾಯಿಸಲು ಹೊರಟವನಿಗೆ ಕನಿಷ್ಠ ಮುಖವಾದರೂ ಕೆಂಪಾಗಬೇಡವೇ?

ಅವಳು ನೆಟ್ಟಗೆ ದೋಣಿ ಕಟ್ಟುವ ಧಕ್ಕೆಗೆ ಹೋದಳು. ಎಲ್‌ವುಡ್ ಪಂಜರಗಳಿಗೆ ಅಂಟಿದ್ದ ಪಾಚಿಯನ್ನು ನೀರು ಹೊಡೆದು ತೊಳೆಯುತ್ತಿದ್ದ. ಎಲ್ಲ ಕೇಳಿ ಪೈಪು ಕೆಳಗಿಟ್ಟ.

"ಆ ಲೆಕ್ಕ ನಿಂದೇ ತಾನೆ?"

"ನಂದೇ."

"ಅಂದ್ರೆ ನನ್ ಸಿಂಪಿ ಸಾಯ್ಸೋಕೆ ನನ್ ಸಿಂಪೀನೇ ಜಾಮೀನು."

"ಹೂಂ ಕಣೋ."

"ಥೂ. ಪ್ರೆಸ್ಟನ್ ಜೊತೆ ಹಾಡ್ತಿದ್ನಲ್ಲೇ ನಾನು. ರಾಗ ತಪ್ಪಿದ್ರೂ ಸುಮ್ನಿದ್ದೆ," ಎಂದ ಎಲ್‌ವುಡ್. ಆಮೇಲೆ ಒಂದು ಪಂಜರದ ಹಗ್ಗ ಹಿಡಿದೆಳೆದ. "ನೀರಲ್ಲಿರೋ ತನಕ ಅಂದ್ನಾ? ಹಂಗಾದ್ರೆ ತೆಗೆಯೋಣ."

"ಎಲ್ಲಾನೂ? ಅರ್ಧಕ್ಕರ್ಧ ಇನ್ನೂ ಮರಿ. ಮಾರೋ ಹಾಗೂ ಇಲ್ಲ."

"ಇಲ್ಲಿದ್ರೆ ಹೆಂಗೂ ಸಾಯ್ತವೆ. ನನ್ ಹೆಸ್ರಲ್ಲಿ ಸಾಯೋದು ಬೇಡ."

ಪರವಾನಗಿಯ ಸಭೆಗೆ ಮುಂಚಿನ ವಾರ ದಂಡೆಯ ಏಡಿ ದೋಣಿಗಳೆಲ್ಲ ತಮ್ಮ ಕೆಲಸ ಬಿಟ್ಟು ಟಕರ್ ಹೊಳೆಗೆ ಬಂದವು. ಯಾರೂ ಕರೆಯಲು ಹೋಗಿರಲಿಲ್ಲ. ಪಂಜರಗಳು ಒಂದೊಂದಾಗಿ ಮೇಲೆ ಬಂದವು. ದೊಡ್ಡ ಸಿಂಪಿಗಳನ್ನು ಸಿಕ್ಕ ಬೆಲೆಗೆ ಮಾರಿದರು. ಮರಿಗಳನ್ನು ಹಸಿ ಗೋಣಿ ಹೊದಿಸಿ, ಟ್ರಕ್ಕಿನಲ್ಲಿ ಹೇರಿ, ಬೇರೊಂದು ಹೊಳೆಯಲ್ಲಿ ಸಿಂಪಿ ಸಾಕುತ್ತಿದ್ದ ಚಿಕ್ಕಪ್ಪನ ಮಗ ರಾಯ್ಸ್‌ಗೆ ಪುಕ್ಕಟೆ ಕೊಟ್ಟುಬಂದರು. ಆ ಹೊಳೆಗೂ ಟಕರ್ ಹೊಳೆಗೂ ನೀರಿನ ಸಂಬಂಧವೇ ಇಲ್ಲ. ಮರಳಿ ಬಂದ ಎಲ್‌ವುಡ್ ಕರಿದ ಸಿಂಪಿಯ ಸ್ಯಾಂಡ್‌ವಿಚ್ ಬಾಯಿಗಿಡಲಾರದೆ ಕಾಗದದಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟ. ಬರಿದಾದ ತಿರುವನ್ನು ನೋಡಿ ವರ್ನಾ ಅತ್ತಳು. ಹೊಳೆ ಉಳಿಸಲು ಹೊಳೆಯನ್ನು ತೊಳೆಯುತ್ತಿದ್ದ ಒಂದೇ ಪ್ರಾಣಿಯನ್ನು ಹೊರಗೆ ಹಾಕಬೇಕಾಗಿ ಬಂದದ್ದಕ್ಕೆ ಅವಳಿಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ.

ಸಭೆಯ ದಿನ ಹಾಲ್ ತುಂಬಿತ್ತು. ಸಿಂಪಿ ಇಲ್ಲ, ಆದ್ದರಿಂದ ವಜಾ ಇಲ್ಲ, ಪರವಾನಗಿಯೂ ಇಲ್ಲ ಎಂದು ದೋಣಿಯವರು ಟೋಪಿ ತೊಡೆಯ ಮೇಲಿಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದರು. ಹ್ಯಾಡವೇ ಎದ್ದು ನಿಂತ.

"ಟಕರ್ ಹೊಳೆ ಸಿಂಪಿ ತೆಗೆದದ್ದು ನಮಗೂ ಬೇಸರವೇ. ಆದರೆ ಪಕ್ಕದ ಹೊಳೆಯಲ್ಲಿ ಒಬ್ಬರ ಸಿಂಪಿ ಈಚೆಗೆ ಏಕಾಏಕಿ ಹೆಚ್ಚಾಗಿದೆ. ಅವರೂ ನಮ್ಮ ಕರಾರಿಗೆ ಸಹಿ ಮಾಡಿದ್ದಾರೆ. ಆ ಅಂಕಿಯನ್ನ ಇಲ್ಲಿಗೆ ತಂದುಕೊಂಡಿದ್ದೇವೆ."

ರಾಯ್ಸ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ. ಅವನೂ ಚರ್ಚಿನಲ್ಲಿ ಅದೇ ಬೆಂಚಿನಲ್ಲಿ ಹಾಡುವವನೇ, ಓದದೆ ಸಹಿ ಹಾಕಿದವನೇ. ಎಲ್‌ವುಡ್ ಕೈಯಾರೆ ಗೋಣಿ ಹೊದಿಸಿ ಕಳಿಸಿದ ಮರಿಗಳೇ ತಿರುಗಿ ಬಂದು ಅವನ ಹೊಳೆಗೇ ವಿರುದ್ಧವಾಗಿ ಸಾಕ್ಷಿ ಹೇಳುತ್ತಿದ್ದವು.

"ಇಲ್ಲಿ ಹೊಲಸು ಮಾಡಿ ಅಲ್ಲಿ ಹೋಗಿ ತೊಳ್ಕೊಳ್ತೀರಾ?" ಎಂದು ಎಲ್‌ವುಡ್ ಕೂತಲ್ಲಿಂದಲೇ ಕೇಳಿದ. ಸಾರ್ವಜನಿಕರ ಸಮಯ ಕೊನೆಗೆ ಇದೆ ಎಂದು ಅಧ್ಯಕ್ಷೆ ಅವನನ್ನು ಸುಮ್ಮನಾಗಿಸಿದಳು. ಆಮೇಲೆ ವರ್ನಾಳ ಕಡೆ ತಿರುಗಿದಳು.

"ಮಿಸ್ ವರ್ನಾ, ಮಾಡೆಲ್ ನಿಮ್ಮದು. ಲೆಕ್ಕ ಮಿತಿಯೊಳಗೆ ಬರುತ್ತಾ?"

ವರ್ನಾ ಜನ್ಮದಲ್ಲಿ ಒಂದು ಸುಳ್ಳು ಅಂಕಿ ಹೇಳಿದವಳಲ್ಲ. "ಹೌದು, ಬರುತ್ತೆ," ಎಂದಳು. "ಆದ್ರೆ—"

"ಥ್ಯಾಂಕ್ಯೂ. ಅಷ್ಟು ಸಾಕು," ಎಂದಳು ಅಧ್ಯಕ್ಷೆ. ಮೈಕು ಆರಿತು. ವರ್ನಾ ಮೈಕಿಲ್ಲದೆಯೇ ಮಾತಾಡಿದಳು, ಗಂಟಲು ಹರಿಯುವಷ್ಟು ಜೋರಾಗಿ: ಬೇರೆ ಹೊಳೆಯ ಸಿಂಪಿ ಈ ಹೊಳೆಯ ಒಂದು ತೊಟ್ಟನ್ನೂ ಮುಟ್ಟುವುದಿಲ್ಲ, ಇದು ಲೆಕ್ಕವಲ್ಲ ಮೋಸ, ನನ್ನ ಕೆಲಸವನ್ನು ಈ ಮೋಸಕ್ಕೆ ಬಳಸಬೇಡಿ. ದೋಣಿಯವರು ಎದ್ದು ನಿಂತು ಕೇಳಿಸಿಕೊಂಡರು. ಅಧ್ಯಕ್ಷೆ ಸಭೆಯ ಸದಸ್ಯರ ಕೈ ಎತ್ತಿಸಿ ಪರವಾನಗಿ ಪಾಸು ಮಾಡಿದಳು. ಮರುದಿನ ಊರಿನ ಪತ್ರಿಕೆ 'ಲೆಕ್ಕ ಮಿತಿಯೊಳಗೆ: ಕೌಂಟಿ ತಜ್ಞೆಯ ಒಪ್ಪಿಗೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿತು.

ಸಭೆ ಮುಗಿದ ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ ಅಕ್ಕ ತಮ್ಮ ಟ್ರಕ್ಕಿಗೆ ಒರಗಿ ನಿಂತಿದ್ದರು.

"ನಾನೇನು ಮಾಡ್ಬೇಕಿತ್ತು ಹೇಳು," ಎಂದಳು ವರ್ನಾ. "ಸುಳ್ಳು ಹೇಳ್ಬೇಕಿತ್ತಾ?"

"ಸುಳ್ಳು ಯಾಕೆ," ಎಂದ ಎಲ್‌ವುಡ್. "'ಆದ್ರೆ' ಅನ್ನೋದನ್ನ ಮೊದ್ಲು ಹೇಳ್ಬೇಕಿತ್ತು."

ವರ್ನಾ ಆ ತಿಂಗಳೇ ಕೆಲಸ ಬಿಟ್ಟಳು. ಎಲ್‌ವುಡ್ ಈಗ ಇನ್ನೊಬ್ಬರ ದೋಣಿಯಲ್ಲಿ ಕೂಲಿಗೆ ಏಡಿ ಹಿಡಿಯುತ್ತಾನೆ. 'ಸಿಂಪಿ ತೀರ'ದ ಮೋರಿ ಟಕರ್ ಹೊಳೆಗೆ ತೆರೆದಿದೆ. ಮಳೆ ಬಂದರೆ ವರ್ನಾ ಈಗಲೂ ಬೂಟು ಏರಿಸಿಕೊಂಡು ಹೋಗಿ ಆ ಮೋರಿಯ ಬಾಯಿಗೆ ಉಪ್ಪಿನಕಾಯಿ ಜಾಡಿ ಹಿಡಿಯುತ್ತಾಳೆ. ತಿಂಗಳಿಗೊಮ್ಮೆ ಕೌಂಟಿ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಮೂರು ನಿಮಿಷ ಕೊಡುತ್ತಾರೆ, ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಅವಳ ಹೆಸರು ಕರೆದ ಕೂಡಲೇ ಹ್ಯಾಡವೇ ತನ್ನ ಕಾಗದಗಳನ್ನು ಬದಿಗೆ ಸರಿಸಿಕೊಳ್ಳುತ್ತಾನೆ. ಅವಳು ಕಂದು ನೀರಿನ ಜಾಡಿಯನ್ನು ಅವನೆದುರಿನ ಮೇಜಿನ ಮೇಲಿಟ್ಟು, ನಮಸ್ಕಾರವನ್ನೂ ಹೇಳದೆ, "ಆದ್ರೆ" ಎಂದು ಶುರು ಮಾಡುತ್ತಾಳೆ.