ಕವೆಗೋಲು ಮುರಿದವರು

ಭಾನುವಾರ ಅಕ್ಕಿ ತೊಳೆಯುತ್ತಿದ್ದಾಗ ನಲ್ಲಿ ನಿಂತಿತು. ಇದು ಸತತ ಮೂರನೆಯ ಭಾನುವಾರ. ಬಾಳೂರಿನ ಮೇಲಿನ ಗುಡ್ಡದ ಒರತೆಯಿಂದ ನಮ್ಮ ಮನೆಗೆ ಕರಿ ಪೈಪಿನಲ್ಲಿ ನೀರು ಇಳಿಯುತ್ತದೆ, ಬೇರೆ ನೀರಿಲ್ಲ. ಗುಡ್ಡದ ನೆತ್ತಿಗೆ ಹೋಗುವ ಜೀಪಿನ ಜಾಡಿಗೆ ಆ ಪೈಪು ಒಂದು ಕಡೆ ನೆಲಮಟ್ಟಕ್ಕೆ ಜೋತು ಅಡ್ಡ ಬರುತ್ತದೆ. ಅಲ್ಲೇ ಒಂದು ಮರಕ್ಕೆ ತುದಿ ಕವಲೊಡೆದ ಉದ್ದನೆಯ ಕವೆಗೋಲು ಒರಗಿಸಿಟ್ಟಿದ್ದೇವೆ. ಒಬ್ಬರು ಇಳಿದು ಕೋಲಿನಿಂದ ಪೈಪನ್ನು ಎತ್ತಿ ಹಿಡಿಯಬೇಕು, ಜೀಪು ಅಡಿಯಲ್ಲಿ ನುಸುಳಬೇಕು. ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ದೊಡ್ಡಪ್ಪನ ಮಗನ ಹೋಮ್‌ಸ್ಟೇ ಗೆಸ್ಟ್‌ಗಳಿರ್ಬೇಕು. ಸಂಜೆ ಯಾರನ್ನಾದ್ರೂ ಕಳಿಸೋಣ ಬಿಡು."

ನಾನೇ ಜೀಪು ತೆಗೆದೆ. ಮೊದಲ ತಿರುವಿಗೇ ಫೋರ್‌ವ್ಹೀಲ್ ಹಾಕಬೇಕಾಯಿತು. ಹುಲ್ಲಿದ್ದ ಕಡೆಯೆಲ್ಲ ಮೊಣಕಾಲಾಳದ ಗಾಲಿಗುಂಡಿಗಳು. ಒಂದು ಗಾಲಿಯನ್ನು ನಡುವಿನ ದಿಣ್ಣೆಯ ಮೇಲೆ, ಇನ್ನೊಂದನ್ನು ಅಂಚಿನ ಕಲ್ಲುಗಳ ಮೇಲೆ ಇಟ್ಟುಕೊಂಡು ಹತ್ತಿದೆ. ಎಡಕ್ಕೆ ಕಣಿವೆ. ಅಲ್ಲಿ ಯಾವಾಗಲೂ ನಿಧಾನ ಮಾಡುತ್ತೇನೆ. ಅವತ್ತು ಸಿಟ್ಟಿನಲ್ಲಿ ಅದೂ ಮರೆತಿತ್ತು.

ಪೈಪು ಎರಡು ತುಂಡಾಗಿತ್ತು. ಹೂತ ಗಾಲಿಯ ಅಡಿಗೆ ಕವೆಗೋಲನ್ನೇ ಕೊಟ್ಟು ಮುರಿದಿದ್ದರು. ಪಕ್ಕದಲ್ಲಿ ಚಿಪ್ಸಿನ ಖಾಲಿ ಕವರು, ನಾಲ್ಕು ಮಡಿಕೆ ಮಾಡಿ ಕಲ್ಲಿನಡಿ ಇಟ್ಟದ್ದು. ಆ ಅಚ್ಚುಕಟ್ಟು ನೋಡಿ ಇನ್ನಷ್ಟು ಉರಿಯಿತು.

ಅಷ್ಟರಲ್ಲಿ ಅವರ ಗಾಡಿ ಮೇಲಿನಿಂದ ಇಳಿದು ಬಂತು. ಇಬ್ಬರು ಯುವಕರು.

"ಆಂಟಿ, ಸ್ವಲ್ಪ ರಿವರ್ಸ್ ತಗೊಳ್ತೀರಾ? ಲಂಚ್‌ಗೆ ಲೇಟಾಗ್ತಿದೆ."

"ನಮ್ಮನೇಲೂ ಲಂಚ್ ಇದೆ. ಅಕ್ಕಿ ಅರ್ಧ ತೊಳೆದಿಟ್ಟು ಬಂದಿದೀನಿ."

ಇಂಜಿನ್ ನಿಲ್ಲಿಸಿ ಕೀ ಸೊಂಟಕ್ಕೆ ಸಿಕ್ಕಿಸಿದೆ. ಜೀಪಿನಲ್ಲಿದ್ದ ಪೈಪು ಜೋಡಿಸುವ ಜಾಯಿಂಟರು, ಬೆಂಕಿಪೊಟ್ಟಣ ಅವರ ಕೈಗಿಟ್ಟು, "ಪೈಪಿನ ತುದಿ ಬಿಸಿ ಮಾಡಿ ಇದನ್ನು ತುರುಕಿ, ಪ್ಲೀಸ್" ಎಂದೆ. ಪ್ಲೀಸ್ ಎನ್ನುವುದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು, ಬಿಡಲಾಗುವುದಿಲ್ಲ.

"ಹೋಮ್‌ಸ್ಟೇ ಅಣ್ಣ ಪೈಪ್ ಮೇಲೆ ಹತ್ಸಿದ್ರೂ ಏನಾಗಲ್ಲ ಅಂದ್ರು ಆಂಟಿ."

ದೊಡ್ಡಪ್ಪನ ಮಗ, ಅದೇ ನೀರು ಕುಡಿದು ಬೆಳೆದವನು.

ಫೋನು ಬಂತು. ಯಜಮಾನರು. "ದಾರಿಗೆ ಅಡ್ಡ ನಿಂತಿದೀಯಂತೆ? ಹುಡುಗ್ರು ಹೇಳಿದ್ರಂತೆ, ಹೋಮ್‌ಸ್ಟೇಯವನು ಫೋನ್ ಮಾಡಿದ್ದ. ಬಿಡು ಮಾರಾಯ್ತಿ, ನಮ್ಮವನೇ ಅಲ್ವಾ."

"ನೀವು ಟ್ಯಾಂಕ್ ಹತ್ರ ನಿಂತ್ಕೊಳ್ಳಿ. ನೀರು ಬಂದ್ರೆ ಹೇಳಿ. ಆಮೇಲೆ ಜೀಪ್ ತೆಗೀತೀನಿ."

ಯುವಕರು ಬೆರಳು ಸುಟ್ಟುಕೊಂಡು ಪೈಪು ಸೇರಿಸಿದರು. ಬಹಳ ಹೊತ್ತಿನ ಮೇಲೆ ಫೋನಿನಲ್ಲಿ ಯಜಮಾನರ ಧ್ವನಿ ಮೆತ್ತಗಾಗಿತ್ತು. "ಬಂತು ಕಣೆ. ಕೆಂಪಗಿದೆ."

"ತಿಳಿ ಆಗ್ಲಿ" ಎಂದೆ. ಜೀಪಿನ ಸೀಟಿನಡಿಯಿಂದ ಕತ್ತಿ ತೆಗೆದು ಆ ಇಬ್ಬರಿಗೆ ಕೊಟ್ಟೆ. ಹೊಸ ಕವೆಗೋಲು ಕಡಿಯುವುದು ಇನ್ನೂ ಬಾಕಿ ಇತ್ತು.